ನಿಮಗಿದು ಗೊತ್ತೇ? ಕಾಳು–ಕಾಯಿ ಕಡಲು ದಾಟುವ ಮೊದಲು

ಹೊಲದಲ್ಲೋ ಅಡುಗೆಮನೆಯಲ್ಲೋ ಹುಟ್ಟಿದ ಸರಕು ಹೊರದೇಶದ ಅಂಗಡಿ ಸೇರುವುದು ಹಡಗಿನ ಬಲದಿಂದ ಎಂದು ನೀವು ನಂಬಿದ್ದರೆ ಈ ಸಲದ ಅಂಕಣ ನಿಮಗೇ. ಹಡಗಿನ ಕೆಲಸ ಬರುವುದು ಕೊನೆಗೆ. ಅದಕ್ಕೂ ಮೊದಲು ಪ್ರಯೋಗಾಲಯ, ಪುಸ್ತಕ, ಮೊಹರು, ಬ್ಯಾಂಕು, ಬಿಸಿನೀರು ಎಲ್ಲವೂ ತಮ್ಮ ಪಾಲಿನ ಕೆಲಸ ಮುಗಿಸಿರಬೇಕು.

● ಜಗತ್ತಿನಲ್ಲಿ ಅತಿ ಹೆಚ್ಚು ಗೆರ್ಕಿನ್ ರಫ್ತು ಮಾಡುವ ದೇಶ ಯಾವುದು ಗೊತ್ತೇ? ನಮ್ಮದೇ. ಬರ್ಗರಿನೊಳಗೆ ಇಣುಕುವ ಆ ಹುಳಿ ಮಿಡಿಸೌತೆಗೆ ಭಾರತದಲ್ಲಿ ತವರು ಕರ್ನಾಟಕ. 1990ರ ದಶಕದ ಆರಂಭದಲ್ಲಿ ಇಲ್ಲಿ ಸಣ್ಣದಾಗಿ ಶುರುವಾದ ಬೆಳೆ ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೂ ಹಬ್ಬಿತು. 2020–21ರಲ್ಲಿ ದೇಶದಿಂದ ಹೊರಗೆ ಹೋದದ್ದು 2,23,515 ಟನ್. ಬಂದದ್ದು 22.3 ಕೋಟಿ ಡಾಲರ್. ಬೆಳೆಯುವವರು ಸುಮಾರು 90,000 ಸಣ್ಣ ರೈತರು, ಒಟ್ಟು ವಿಸ್ತೀರ್ಣ 65,000 ಎಕರೆಯಷ್ಟು. ಲೆಕ್ಕ ಹಾಕಿ ನೋಡಿ, ತಲೆಗೆ ಒಂದು ಎಕರೆಯೂ ಬೀಳುವುದಿಲ್ಲ.

ಈ ಬೆಳೆಯ ಸೊಗಸು ಕೊಯ್ಲಿನಲ್ಲಿದೆ. ನಮ್ಮ ಸಾಂಬಾರಿನ ಸೌತೆ ದಪ್ಪಗಾದಷ್ಟೂ ಬೆಲೆ. ಗೆರ್ಕಿನ್ ತದ್ವಿರುದ್ಧ, ಬೆರಳಿನಷ್ಟಿರುವ ಮಿಡಿಗೇ ಹೆಚ್ಚು ದರ. ಬಳ್ಳಿ ಕಾಯಿ ಬಿಡಲು ಶುರುಮಾಡಿದ ಮೇಲೆ ದಿನವೂ ಕೊಯ್ಯಬೇಕು. ಇಂದು ಎಲೆಯ ಮರೆಯಲ್ಲಿ ಕಣ್ಣು ತಪ್ಪಿಸಿಕೊಂಡ ಮಿಡಿ ನಾಳೆ ಗ್ರೇಡು ದಾಟಿರುತ್ತದೆ. ಊರಿನ ಸಂಗ್ರಹ ಕೇಂದ್ರದಲ್ಲಿ ಕಾಯಿಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಗ್ರೇಡಿಗೊಂದು ದರದಂತೆ ತೂಗುತ್ತಾರೆ. ಮಳೆ ಬಂದು ಎರಡು ದಿನ ತೋಟಕ್ಕೆ ಇಳಿಯಲಾಗದಿದ್ದರೆ ರೈತನಿಗೆ ತೂಕ ಸಿಗುತ್ತದೆ, ದುಡ್ಡು ಸಿಗುವುದಿಲ್ಲ. ಸುಮಾರು 90 ದಿನದ ಬೆಳೆ, ಬೀಜದಿಂದ ಹಿಡಿದು ಖರೀದಿವರೆಗೆ ಕಂಪನಿಯ ಕರಾರು. ಅಷ್ಟೆಲ್ಲ ಬೆಳೆದರೂ ನಮ್ಮ ಊಟದೆಲೆಯ ಮೇಲೆ ಇದಕ್ಕಿನ್ನೂ ಜಾಗ ಸಿಕ್ಕಿಲ್ಲ.

● ಅದೇ ಗೆರ್ಕಿನ್ ಉಪ್ಪುನೀರಿನ ಡ್ರಮ್ಮಿನಲ್ಲಿ ಹೋದರೆ ಕಸ್ಟಮ್ಸ್ ಪುಸ್ತಕದ 0711ನೇ ಶೀರ್ಷಿಕೆ. ವಿನಿಗರ್ ತುಂಬಿದ ಬಾಟಲಿಯಲ್ಲಿ ಹೋದರೆ 2001! ಎಚ್‌ಎಸ್ ಕೋಡ್ ಎಂಬ ಈ ಅಂಕಿಪದ್ಧತಿ 1988ರ ಜನವರಿ 1ರಿಂದ ಜಾರಿಯಲ್ಲಿದೆ. ಮೊದಲ ಆರು ಅಂಕಿ ಇಡೀ ಜಗತ್ತಿಗೆ ಒಂದೇ, ಮುಂದಿನ ಎರಡನ್ನು ನಮ್ಮ ದೇಶ ಸೇರಿಸಿಕೊಂಡಿದೆ. ಸುಂಕವೆಷ್ಟು, ಯಾವ ಪ್ರಮಾಣಪತ್ರ ಬೇಕು ಎಂಬುದೆಲ್ಲ ನಿಲ್ಲುವುದು ಈ ಅಂಕಿಗಳ ಮೇಲೆ. ಹೊಸಬರು ಎಡವುವುದೂ ಬಹುಮಟ್ಟಿಗೆ ಇಲ್ಲೇ.

● ರಾಗಿಗೆ ಆ ಆರಂಕಿಯಲ್ಲಿ ಸ್ವಂತ ಮನೆಯಿಲ್ಲ. ಸಜ್ಜೆ, ನವಣೆಗಳ ಜೊತೆ ಒಂದೇ ಸೂರಿನಡಿ ಇದೆ. ಹಾಗಾಗಿ ಅಂತರರಾಷ್ಟ್ರೀಯ ಅಂಕಿಅಂಶದಲ್ಲಿ ‘ಜಗತ್ತು ಎಷ್ಟು ರಾಗಿ ಕೊಂಡಿತು’ ಎಂದು ಹುಡುಕಿದರೆ ನೇರ ಉತ್ತರ ಸಿಗದು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಬಂದುಹೋದ ಮೇಲೂ ಪರಿಸ್ಥಿತಿ ಇದೇ.

● ರಫ್ತುದಾರ ಎನಿಸಿಕೊಳ್ಳಲು ಎಷ್ಟು ಖರ್ಚು? ಸರ್ಕಾರಿ ಶುಲ್ಕ 500 ರೂಪಾಯಿ. ಪ್ಯಾನ್ ಇದ್ದವರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಅರ್ಜಿ ಹಾಕಿದರೆ ಐಇಸಿ, ಅಂದರೆ ಆಮದು–ರಫ್ತುದಾರರ ಗುರುತು ಸಂಖ್ಯೆ, ಸಿಗುತ್ತದೆ. ಈಗ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆ. ಆದರೆ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ‘ವಿವರವೆಲ್ಲ ಹಾಗೇ ಇದೆ’ ಎಂದಾದರೂ ಒಮ್ಮೆ ದೃಢಪಡಿಸಬೇಕು, ಮರೆತರೆ ಸಂಖ್ಯೆ ನಿಷ್ಕ್ರಿಯ. ಸರಕು ಬಂದರಿನಲ್ಲಿ ನಿಂತಾಗ ಈ ನಿಯಮ ನೆನಪಾಗುವವರೇ ಜಾಸ್ತಿ.

● ಹಪ್ಪಳ, ಉಪ್ಪಿನಕಾಯಿ, ಚಟ್ನಿ ಈ ಮೂರೂ ಸಂಸತ್ತಿನ ಒಂದು ಕಾಯಿದೆಯ ಪಟ್ಟಿಯಲ್ಲಿವೆ! ಅದು ಅಪೆಡಾ, ಅಂದರೆ ಕೃಷಿ ಮತ್ತು ಸಂಸ್ಕರಿತ ಆಹಾರ ಉತ್ಪನ್ನಗಳ ರಫ್ತು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆ. 1985ರಲ್ಲಿ ಅಂಗೀಕಾರವಾಯಿತು, ಪ್ರಾಧಿಕಾರ ಕೆಲಸ ಶುರುಮಾಡಿದ್ದು 1986ರ ಫೆಬ್ರುವರಿಯಲ್ಲಿ. ಹಣ್ಣು, ತರಕಾರಿ, ಜೇನು, ಬೆಲ್ಲ, ಹೂವು, ನೆಲಗಡಲೆ ಎಲ್ಲ ಇದರ ಪಾಲು. ಕಾಳುಮೆಣಸು, ಏಲಕ್ಕಿ, ಒಣಮೆಣಸಿನಕಾಯಿ ಇದ್ದವರು ಕೊಚ್ಚಿಯ ಸಾಂಬಾರ ಮಂಡಳಿಗೆ ಹೋಗಬೇಕು. ಕಾಫಿಯವರು ಬೆಂಗಳೂರಿನ ಕಾಫಿ ಮಂಡಳಿಗೆ, ಮೀನು–ಸಿಗಡಿಯವರು ಮತ್ತೆ ಕೊಚ್ಚಿಗೆ, ಎಂಪೆಡಾ ಎಂಬ ಸಾಗರೋತ್ಪನ್ನ ರಫ್ತು ಪ್ರಾಧಿಕಾರಕ್ಕೆ. ಮಾವಿನ ಉಪ್ಪಿನಕಾಯಿ ಒಂದು ಕಚೇರಿ, ಅದಕ್ಕೆ ಹಾಕುವ ಖಾರದ ಪುಡಿ ಇನ್ನೊಂದು ಕಚೇರಿ. ಇದನ್ನು ವಿಂಗಡಿಸಿದವರು ಉಪ್ಪಿನಕಾಯಿ ಹಾಕಿ ನೋಡಿರಲಾರರು.

● ಇಂದಿನ ಕಾಫಿ ಬೆಳೆಗಾರರ ಅಪ್ಪ–ತಾತಂದಿರಿಗೆ ತಮ್ಮ ಕಾಫಿಯನ್ನು ತಾವೇ ಮಾರುವ ಹಕ್ಕಿರಲಿಲ್ಲ. ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕು. ಮಂಡಳಿ ಹರಾಜು ಹಾಕಿ, ಬಂದ ಹಣವನ್ನು ಕಂತುಕಂತಾಗಿ ಹಂಚುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಾರುಕಟ್ಟೆ ಕುಸಿದಾಗ ಬೆಳೆಗಾರನನ್ನು ಉಳಿಸಲು ಬಂದ ಏರ್ಪಾಡು ಅದು, ಕಾಯಿದೆ 1942ರದು. ಆಪತ್ತಿಗೆ ಕಟ್ಟಿದ ಚಪ್ಪರ ಅರ್ಧ ಶತಮಾನ ನಿಂತೇ ಇತ್ತು. 1992ರಿಂದ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ, 1996ರಲ್ಲಿ ಪೂರ್ತಿ ಬಿಟ್ಟುಕೊಟ್ಟರು. ಅಷ್ಟರಲ್ಲಿ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇರಲಿಲ್ಲ! ಸ್ವಾತಂತ್ರ್ಯ ಬಂತು, ಜೊತೆಗೆ ನ್ಯೂಯಾರ್ಕ್–ಲಂಡನ್ ಪೇಟೆಯ ಏರಿಳಿತವೂ ಮನೆ ಬಾಗಿಲಿಗೆ ಬಂತು.

● ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕರ್ನಾಟಕದಲ್ಲಿ. ಅತಿ ದೊಡ್ಡ ಗಿರಾಕಿ ಇಟಲಿ. ಎಸ್‌ಪ್ರೆಸ್ಸೊ ಮೇಲೆ ಕಟ್ಟುವ ದಪ್ಪ ನೊರೆಗೆ ರೋಬಸ್ಟಾ ಬೇಕು, ನಮ್ಮ ತೊಳೆದ ರೋಬಸ್ಟಾ ಅದಕ್ಕೆ ಹೆಸರುವಾಸಿ. ‘ರೋಬಸ್ಟಾ ಕಾಪಿ ರಾಯಲ್’, ‘ಮೈಸೂರ್ ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್’ ಎಂಬವು ಹೊರದೇಶದ ಖರೀದಿದಾರರಿಗೆ ಬಾಯಿಪಾಠವಾದ ಗ್ರೇಡುಗಳು. ನಮ್ಮ ಹೋಟೆಲಿನಲ್ಲಿ ಯಾರೂ ಹೀಗೆ ಕೇಳಿ ಕಾಫಿ ಕುಡಿಯುವುದಿಲ್ಲ. 2020–21ರಲ್ಲಿ 71.9 ಕೋಟಿ ಡಾಲರ್ ಇದ್ದ ಕಾಫಿ ರಫ್ತು 2023–24ಕ್ಕೆ 129 ಕೋಟಿಗೆ ಏರಿತು. ತೋಟ ದುಪ್ಪಟ್ಟಾಗಲಿಲ್ಲ, ಏರಿದ್ದು ಮುಖ್ಯವಾಗಿ ಬೆಲೆ.

● ಒಂದು 20 ಅಡಿ ಕಂಟೇನರಿನಲ್ಲಿ 60 ಕೆ.ಜಿ.ಯ 320 ಮೂಟೆ ಕಾಫಿ ಹಿಡಿಯುತ್ತದೆ, ಅಂದರೆ 19.2 ಟನ್. ಆ ಮೂಟೆಯ ಗೋಣಿಯೂ ಬೇರೆಯೇ. ಮಾಮೂಲಿ ಸೆಣಬಿನ ಚೀಲ ನೇಯುವಾಗ ನಾರು ಮೆದುವಾಗಲೆಂದು ಖನಿಜ ತೈಲ ಬಳಿಯುತ್ತಾರೆ. ಆ ವಾಸನೆಯನ್ನು ಕಾಫಿ ಬೀಜ ಕುಡಿದುಬಿಡುತ್ತದೆ. ಅದಕ್ಕೇ ಸಸ್ಯ ತೈಲದಲ್ಲಿ ಹದಮಾಡಿದ ‘ಫುಡ್ ಗ್ರೇಡ್’ ಚೀಲ. ಬಿಸಿ ನಾಡಿನಿಂದ ಚಳಿ ನಾಡಿಗೆ ಹೋಗುವಾಗ ಕಂಟೇನರಿನ ಮಾಡಿನ ಒಳಮೈಯಲ್ಲಿ ಬೆವರು ಕಟ್ಟಿ ಮೂಟೆಗಳ ಮೇಲೆ ಹನಿಯುತ್ತದೆ. ಅನುಭವಿಗಳು ತೇವ ಹೀರುವ ಪೊಟ್ಟಣಗಳನ್ನು ತೂಗುಹಾಕದೆ ಸೀಲ್ ಮಾಡುವುದಿಲ್ಲ.

● ತೇವ ತಾಗಿದ ಕಾಫಿ ಹಾಳು ಎನ್ನುವ ಮಾತಿಗೆ ಒಂದು ಅಪವಾದವೂ ಇದೆ: ಮಾನ್ಸೂನ್ಡ್ ಮಲಬಾರ್. ಹಾಯಿಹಡಗಿನ ಕಾಲದಲ್ಲಿ ತಿಂಗಳುಗಟ್ಟಲೆ ಸಮುದ್ರದ ಗಾಳಿ ತಾಗಿ ಉಬ್ಬಿ, ಹೊಂಬಣ್ಣಕ್ಕೆ ತಿರುಗಿದ ಬೀಜದ ರುಚಿಗೆ ಯುರೋಪಿನವರು ಒಗ್ಗಿದ್ದರಂತೆ. ಸೂಯೆಜ್ ಕಾಲುವೆ ತೆರೆದು, ಉಗಿಹಡಗು ಬಂದು ಪ್ರಯಾಣ ಚಿಕ್ಕದಾದಾಗ ಹಳೆಯ ರುಚಿ ಕೇಳಿದರು. ಮಂಗಳೂರು ಸೀಮೆಯ ಗೋದಾಮುಗಳಲ್ಲಿ ಇಂದಿಗೂ ಮಳೆಗಾಲದ ಗಾಳಿಗೆ ಬೀಜ ಹರವಿ, ಬಾಚಿ, ತಿರುವಿ ಅದೇ ರುಚಿ ಬರಿಸುತ್ತಾರೆ. ಇದಕ್ಕೆ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಕೂಡ ಇದೆ.

● ‘ತಲಶ್ಶೇರಿ’ ಎಂದು ಜಗತ್ತು ದುಬಾರಿ ದುಡ್ಡು ಕೊಟ್ಟು ಕೊಳ್ಳುವ ಕಾಳುಮೆಣಸನ್ನು ಗುರುತಿಸುವುದು ಊರಿನಿಂದಲ್ಲ, ಜರಡಿಯಿಂದ. 4.75 ಮಿ.ಮೀ. ಜರಡಿಯ ಮೇಲೆ ನಿಂತ ದಪ್ಪ ಕಾಳಿಗೆ ಅಗ್ರ ದರ್ಜೆ, 4.25ಕ್ಕೆ ಅದರ ಕೆಳಗಿನದು. ದೇಶದಲ್ಲಿ ಮೆಣಸಿನ ಬೆಳೆಯಲ್ಲಿ ಈಗ ಮುಂದಿರುವುದು ಕರ್ನಾಟಕ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳ ನೆರಳಿನ ಮರಕ್ಕೆ ಹಬ್ಬಿದ ಬಳ್ಳಿಗಳವು. ಹೆಸರು ಮಾತ್ರ ನೆರೆಮನೆ ಕೇರಳದ್ದು.

● ಕೀಟನಾಶಕದ ವಿಚಾರಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಔಷಧಕ್ಕೆ ಇಂಥ ಬೆಳೆಯಲ್ಲಿ ಇಷ್ಟು ಉಳಿಕೆ ಇರಬಹುದೆಂದು ಯುರೋಪಿಯನ್ ಒಕ್ಕೂಟ ಪ್ರತ್ಯೇಕ ಮಿತಿ ಹೇಳದಿದ್ದರೆ, ತಾನಾಗಿ ಅನ್ವಯಿಸುವ ಮಿತಿ ಕೆ.ಜಿ.ಗೆ 0.01 ಮಿಲಿಗ್ರಾಂ. ಬಿಡಿಸಿ ಹೇಳಿದರೆ 100 ಟನ್ ಕಾಯಿಯಲ್ಲಿ ಒಂದು ಗ್ರಾಂ. ಪಕ್ಕದ ಹೊಲದಿಂದ ಗಾಳಿಗೆ ತೂರಿ ಬಂದ ಸಿಂಪಡಣೆಯೇ ಇದನ್ನು ಮೀರಿಸಬಹುದು. ಅಂಗಡಿಯವರು ಕೊಟ್ಟ ಔಷಧ ಯಾವುದು, ಎಷ್ಟು ಹೊಡೆದೆ, ಯಾವತ್ತು ಹೊಡೆದೆ, ಕೊಯ್ದದ್ದು ಯಾವತ್ತು ಎಂದು ರೈತ ಬರೆದಿಡದಿದ್ದರೆ ರಫ್ತುದಾರನಿಗೆ ದಾರಿಯೇ ಇಲ್ಲ. ಪ್ರಯೋಗಾಲಯ ಉಳಿಕೆ ಹಿಡಿದುಕೊಡಬಲ್ಲದು, ತೆಗೆದುಹಾಕಲಾರದು. ರಫ್ತಿಗೆ ನೆರವಾಗುತ್ತೇವೆ ಎನ್ನುವ ಇಲಾಖೆಗಳು ಮೇಳ, ಮಳಿಗೆಗೆ ಮಾಡುವ ಖರ್ಚಿನಲ್ಲಿ ಒಂದು ಪಾಲನ್ನು ಈ ಹೊಲದ ಪುಸ್ತಕ ಬರೆಸುವುದಕ್ಕೆ ಮಾಡಿದರೆ ಹೆಚ್ಚು ಫಲ ಎಂದು ನನ್ನ ಅಭಿಪ್ರಾಯ.

ಇದಕ್ಕೆ ಸಾಕ್ಷಿ ಬೇಕಾದರೆ ದ್ರಾಕ್ಷಿಯ ಕಥೆ ಇದೆ. 2003ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಕೀಟನಾಶಕದ ಉಳಿಕೆ ಸಿಕ್ಕಿ ಯುರೋಪ್ ಎಚ್ಚರಿಕೆ ಕೊಟ್ಟಿತು. ಆ ಪೆಟ್ಟಿನಿಂದ ಹುಟ್ಟಿದ್ದು ಅಪೆಡಾದ ‘ಗ್ರೇಪ್‌ನೆಟ್’. ತೋಟಕ್ಕೊಂದು ನೋಂದಣಿ ಸಂಖ್ಯೆ, ಪ್ರಯೋಗಾಲಯದ ಫಲಿತಾಂಶ, ಪ್ಯಾಕ್‌ಹೌಸ್‌ನ ದಾಖಲೆ ಎಲ್ಲ ಒಂದೇ ಕಡೆ. ಪೆಟ್ಟಿಗೆಯಿಂದ ಬಳ್ಳಿಯವರೆಗೆ ಹಿಂದಕ್ಕೆ ನಡೆಯಬಹುದು. ಎಲ್ಲ ಸರಿಹೋಯಿತು ಎನ್ನುವಾಗ 2010ರಲ್ಲಿ ಇನ್ನೊಂದು ಪೆಟ್ಟು: ಬಳ್ಳಿಯ ಬೆಳವಣಿಗೆ ತಡೆಯಲು ಬಳಸುವ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಯುರೋಪಿನಲ್ಲಿ ಸಿಕ್ಕಿಬಿತ್ತು. ಇಲ್ಲಿ ಯಾಕೆ ಸಿಗಲಿಲ್ಲ? ಪರೀಕ್ಷಿಸಬೇಕಾದ ಪಟ್ಟಿಯಲ್ಲೇ ಅದರ ಹೆಸರಿರಲಿಲ್ಲ!

● ಬ್ಯಾಡಗಿ ಮೆಣಸಿನಕಾಯಿಯನ್ನು ಹೊರದೇಶ ಕೊಳ್ಳುವುದು ಖಾರಕ್ಕಲ್ಲ, ಬಣ್ಣಕ್ಕೆ. ಆ ಕೆಂಪನ್ನು ‘ಆಸ್ಟಾ’ ಎಂಬ ಅಳತೆಯಲ್ಲಿ ಅಳೆಯುತ್ತಾರೆ, ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘ ಗೊತ್ತುಮಾಡಿದ ಅಳತೆ ಅದು. ಕಾಯಿಯಿಂದ ತೆಗೆದ ಓಲಿಯೊರೆಸಿನ್ ಎಂಬ ಸಾರ ತಿಂಡಿತಿನಿಸಿಗೂ ಹೋಗುತ್ತದೆ, ತುಟಿಗೆ ಬಳಿಯುವ ಬಣ್ಣಕ್ಕೂ ಹೋಗುತ್ತದೆ. ಜಿಐ ಟ್ಯಾಗ್ ಬಂದದ್ದು 2011ರಲ್ಲಿ.

ಇದರ ವೈರಿ ಕಣ್ಣಿಗೆ ಕಾಣುವುದಿಲ್ಲ. ಸರಿಯಾಗಿ ಒಣಗದ ಕಾಯಿಯ ಮೇಲೆ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಮೆಣಸಿನಕಾಯಿಯಲ್ಲಿ ಅದರ ಬಿ1 ರೂಪಕ್ಕೆ ಯುರೋಪಿನ ಮಿತಿ ಕೆ.ಜಿ.ಗೆ 5 ಮೈಕ್ರೋಗ್ರಾಂ, ಅಂದರೆ 200 ಟನ್ನಿಗೆ ಒಂದು ಗ್ರಾಂ. ಚೀಲ ತುಂಬುವಾಗ ಕಾಯಿ ಮುರಿಯದಿರಲಿ, ತೂಕವೂ ಬರಲಿ ಎಂದು ನೀರು ಚಿಮುಕಿಸುವ ಅಭ್ಯಾಸ ಕೆಲವೆಡೆ ಉಂಟು. ಆ ನಾಲ್ಕು ಹನಿಯೇ ಸಾಕು. ಕಣದ ಮಣ್ಣಿನ ಬದಲು ಟಾರ್ಪಾಲಿನ ಮೇಲೆ ಒಣಗಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಒಂದು ಟಾರ್ಪಾಲಿನ ಬೆಲೆಗೆ ಒಂದು ಸ್ಯಾಂಪಲ್ಲಿನ ಪರೀಕ್ಷೆಯೂ ಆಗುವುದಿಲ್ಲ.

● ಒಂದೇ ಹಣ್ಣು, ಮೂರು ದೇಶ, ಮೂರು ಚಿಕಿತ್ಸೆ! ಮಾವಿನ ಹಣ್ಣು ಜಪಾನಿಗೆ ಹೋಗಬೇಕಾದರೆ ಬಿಸಿ ಹಬೆಯಲ್ಲಿ ಕೂರಬೇಕು. ಯುರೋಪಿಗಾದರೆ 48 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಮುಳುಗಬೇಕು. ಅಮೆರಿಕಕ್ಕಾದರೆ ವಿಕಿರಣ, ಕನಿಷ್ಠ 400 ಗ್ರೇ. ಎಲ್ಲರಿಗೂ ಭಯ ಹಣ್ಣುನೊಣದ್ದು, ಗೊರಟೆಯಲ್ಲಿ ಅವಿತು ಕೂರುವ ಮೂತಿಹುಳುವಿನದ್ದು. ಅಮೆರಿಕದ ನಿಯಮ ಕೇಳುವುದು ಹುಳು ಸತ್ತಿದೆಯೇ ಎಂದಲ್ಲ, ಅದರ ಸಂತತಿ ಮುಂದುವರಿಯದಂತಾಗಿದೆಯೇ ಎಂದು. ಅಲ್ಲಿನ ಕೃಷಿ ಇಲಾಖೆಯ ಇನ್‌ಸ್ಪೆಕ್ಟರೇ ಇಲ್ಲಿಗೆ ಬಂದು ಕಣ್ಣೆದುರು ನೋಡಿದ ಮೇಲೆ ಪೆಟ್ಟಿಗೆಗೆ ಒಪ್ಪಿಗೆ. ಮಹಾರಾಷ್ಟ್ರದ ಲಾಸಲ್‌ಗಾಂವ್, ವಾಶಿಯಂತೆ ನಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಇಂಥ ಮನ್ನಣೆ ಪಡೆದ ವಿಕಿರಣ ಘಟಕವಿದೆ. ಮಾವಿನ ಸೀಮೆ ಶ್ರೀನಿವಾಸಪುರವೂ ಅದೇ ಜಿಲ್ಲೆಯಲ್ಲಿದೆ.

2007ರಲ್ಲಿ ಅಮೆರಿಕ ಮತ್ತೆ ಬಾಗಿಲು ತೆರೆದದ್ದು 18 ವರ್ಷದ ಮೇಲೆ. ಬದಲಿಗೆ ಭಾರತ ಹಾರ್ಲೆ–ಡೇವಿಡ್‌ಸನ್ ಬೈಕುಗಳಿಗೆ ದಾರಿ ಬಿಟ್ಟಿತು. ಮಾವು ಕೊಟ್ಟು ಮೋಟಾರ್‌ಸೈಕಲ್ ತಂದ ಒಪ್ಪಂದ ಎಂದು ಆಗ ಪತ್ರಿಕೆಗಳೆಲ್ಲ ಚಪ್ಪರಿಸಿದವು. ಯುರೋಪ್ 2014ರ ಮೇ 1ರಿಂದ ಮಾವು, ಬದನೆ, ಹಾಗಲ, ಪಡವಲ, ಕೆಸುವಿನ ಎಲೆಗಳಿಗೆ ಬಾಗಿಲು ಹಾಕಿತು. ಮಾವಿಗೆ ತೆರೆದದ್ದು ಮರುವರ್ಷ.

● ಹಣ್ಣಿಗಷ್ಟೇ ಅಲ್ಲ, ಪೆಟ್ಟಿಗೆ ಇಡುವ ಮರದ ಹಲಗೆಗೂ ಶುದ್ಧಿ ಆಗಬೇಕು. ಹಲಗೆಯ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಬೆಂದಿರಬೇಕು, ಗೋಧಿ ತೆನೆಯ ಮುದ್ರೆ ಬಿದ್ದಿರಬೇಕು. ಹಲಗೆಯಲ್ಲಿ ಕೊರಕ ಹುಳು ಕಂಡರೆ ಒಳಗಿನ ಸರಕು ಎಷ್ಟೇ ಚೊಕ್ಕವಾಗಿದ್ದರೂ ಲೆಕ್ಕಕ್ಕಿಲ್ಲ.

● ಹಸಿ ಕಾಫಿ ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಹುರಿದ ಕಾಫಿಗೆ ಬೇಡ. ಹುರಿದ ಮೇಲೆ ಅದರಲ್ಲಿ ಹುಳು–ಮೊಳಕೆಯ ಭಯವಿಲ್ಲವಲ್ಲ. ವ್ಯಾಪಾರದವರ ಬಾಯಲ್ಲಿ ಈ ಪತ್ರ ಬರೀ ‘ಫೈಟೊ’.

● ಸಾಸಿವೆ ಒಗ್ಗರಣೆ ಬಿದ್ದ ಯಾವುದೇ ಪೊಟ್ಟಣ ಯುರೋಪಿಗೆ ಹೋದರೆ ಸಾಸಿವೆಯನ್ನು ಅಲರ್ಜಿಕಾರಕ ಎಂದು ಎದ್ದುಕಾಣುವಂತೆ ಮುದ್ರಿಸಲೇಬೇಕು. ಅಲ್ಲಿನ ಪಟ್ಟಿಯಲ್ಲಿ ಒಟ್ಟು 14 ಪದಾರ್ಥ. ಅಮೆರಿಕದ ಪಟ್ಟಿಯಲ್ಲಿ ಸಾಸಿವೆ ಇಲ್ಲ, ಎಳ್ಳು ಇದೆ. 2023ರ ಜನವರಿ 1ರಿಂದ ಒಂಬತ್ತನೆಯದಾಗಿ ಸೇರಿತು. ಎಳ್ಳುಂಡೆಯಲ್ಲಿ ಎಳ್ಳಿದೆ ಎಂದು ನಮಗೆ ಹೇಳಬೇಕಾಗಿಲ್ಲ, ಅಲ್ಲಿನ ಕಾನೂನಿಗೆ ಹೇಳಬೇಕು. ಚಟ್ನಿಪುಡಿಯ ಒಂದೇ ಲೇಬಲ್ಲಿನಲ್ಲಿ ಎರಡು ಖಂಡ ದಾಟುವ ಆಸೆ ಬಿಡುವುದು ಒಳ್ಳೆಯದು.

● 2020ರ ಸೆಪ್ಟೆಂಬರಿನಲ್ಲಿ ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಅಂಶವಿದೆ ಎಂದು ಬೆಲ್ಜಿಯಂ ಎಚ್ಚರಿಸಿತು. ನೋಡನೋಡುತ್ತಲೇ ಯುರೋಪಿನುದ್ದಕ್ಕೂ ಬ್ರೆಡ್ಡು, ಬಿಸ್ಕತ್ತು, ಎಳ್ಳು ಉದುರಿಸಿದ ಎಲ್ಲವೂ ಅಂಗಡಿಯಿಂದ ಹಿಂದಕ್ಕೆ! ಸಾಲ್ಮೊನೆಲ್ಲಾ ಕೊಲ್ಲಲು ಬಳಸುವ ಅನಿಲ ಇದು. ತಮಾಷೆಯೆಂದರೆ ಸಾಂಬಾರ ಪದಾರ್ಥಗಳಲ್ಲಿ ಇದರ ಉಳಿಕೆ 7 ಪಿಪಿಎಂವರೆಗೆ ಅಮೆರಿಕಕ್ಕೆ ಒಪ್ಪಿಗೆ, ಯುರೋಪಿನಲ್ಲಿ ಅದರ ಬಳಕೆಗೇ ನಿಷೇಧ. ಒಂದು ದೇಶದ ಮದ್ದು ಇನ್ನೊಂದು ದೇಶದ ವಿಷ. ಹಾಗಾಗಿ ಎರಡೂ ಕಡೆ ಮಾರುವವರು ಉಗಿಯಲ್ಲಿ ಶುದ್ಧಿಮಾಡುವ ಯಂತ್ರಕ್ಕೆ ದುಡ್ಡು ಹಾಕಬೇಕು.

● ಅಮೆರಿಕದ ಉಪ್ಪಿನಕಾಯಿ ಪರೀಕ್ಷೆಯಲ್ಲಿ ಪಾಸಾಗಲು ಬೇಕಾದ ಅಂಕ 4.6. ಆಹಾರದ ಪಿಎಚ್ ಇದಕ್ಕಿಂತ ಕೆಳಗಿದ್ದರೆ ಬಾಟುಲಿಸಂ ತರುವ ಮಾರಕ ಬ್ಯಾಕ್ಟೀರಿಯಾ ಬೆಳೆಯಲಾರದು. ಹೊರಗಿನಿಂದ ಹುಳಿ ಸೇರಿಸಿ ಈ ಮಟ್ಟಕ್ಕೆ ತಂದ ತರಕಾರಿ ಉಪ್ಪಿನಕಾಯಿಯಾದರೆ ತಯಾರಿಕಾ ಘಟಕದ ಜೊತೆಗೆ ತಯಾರಿಕೆಯ ವಿಧಾನವನ್ನೂ ಅಲ್ಲಿನ ಆಹಾರ–ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬಳಿ ದಾಖಲಿಸಬೇಕು. ಅಜ್ಜಿಯ ಕೈರುಚಿಗೂ ಥರ್ಮಾಮೀಟರ್, ಪಿಎಚ್ ಮೀಟರ್ ಹಿಡಿದು ಲೆಕ್ಕ ಬರೆಯಬೇಕಾಗುತ್ತದೆ. ಆಹಾರ ಘಟಕದ ನೋಂದಣಿಯನ್ನು ಪ್ರತಿ ಸಮಸಂಖ್ಯೆಯ ವರ್ಷದ ಅಕ್ಟೋಬರ್–ಡಿಸೆಂಬರಿನಲ್ಲಿ ನವೀಕರಿಸಬೇಕು. 2026 ಅಂಥದೊಂದು ವರ್ಷ.

● ಈ ಲೆಕ್ಕಗಳಿಗೆ ಹೆಗಲು ಕೊಡುವವರು ಯಾರು? ಮೈಸೂರಿನ ಸಿಎಫ್‌ಟಿಆರ್‌ಐ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಶುರುವಾದ ಈ ಸಂಸ್ಥೆ ತಿಂಡಿ ಎಷ್ಟು ದಿನ ಬಾಳುತ್ತದೆ, ಯಾವ ಪೊಟ್ಟಣ ಹಿಡಿಸುತ್ತದೆ, ಪೋಷಕಾಂಶ ಎಷ್ಟು ಎಂದು ಪರೀಕ್ಷಿಸಿ ಹೇಳುತ್ತದೆ. ತಂತ್ರಜ್ಞಾನವನ್ನೂ ಶುಲ್ಕಕ್ಕೆ ಕೊಡುತ್ತದೆ. ರಾಜ್ಯ ಸರ್ಕಾರದ ಕಪೆಕ್ 1996ರಿಂದ ಇದೆ, ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ಅದರ ಹೆಸರಿನಲ್ಲೇ ಉಂಟು. ಕಿರು ಆಹಾರ ಘಟಕಗಳಿಗಾಗಿ 2020ರಲ್ಲಿ ಕೇಂದ್ರ ಶುರುಮಾಡಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಸಿಗುತ್ತದೆ. ಕರ್ನಾಟಕ ಅದರ ಮೇಲೆ ಶೇ 15 ಸೇರಿಸಿ ಕೊಡುತ್ತದೆ. ಇದನ್ನು ರಾಜ್ಯದಲ್ಲಿ ನಡೆಸುವುದೂ ಕಪೆಕ್ಕೇ.

● ಬೆಂಗಳೂರಿನ ಸುತ್ತ ಬೆಳೆಯುವ ರೋಸ್ ಈರುಳ್ಳಿಯನ್ನು ಬೆಂಗಳೂರಿಗರು ತಿನ್ನುವುದು ಅಪರೂಪ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆದದ್ದು ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾ, ಶ್ರೀಲಂಕಾ ಕಡೆ ಹೋಗುತ್ತದೆ. ಹೀಗಿದ್ದೂ ನಾಸಿಕ್ ಈರುಳ್ಳಿ ತುಟ್ಟಿಯಾದಾಗಲೆಲ್ಲ ದೇಶಕ್ಕೆಲ್ಲ ಒಂದೇ ರಫ್ತು ನಿಷೇಧ ಬಂದು ಇದರ ಬೆಳೆಗಾರ ಸಿಕ್ಕಿಬೀಳುತ್ತಿದ್ದ. ಇಲ್ಲಿ ಮಾರೋಣ ಎಂದರೆ ಕೊಳ್ಳುವವರಿಲ್ಲ, ಅಲ್ಲಿ ಕೊಳ್ಳುವವರಿದ್ದರೂ ಕಳಿಸುವ ಹಾಗಿಲ್ಲ. 2015ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ಇಲ್ಲಿ ಕೆಲಸಕ್ಕೆ ಬಂತು. 2020ರ ನಿಷೇಧದ ನಡುವೆ ಚೆನ್ನೈ ಬಂದರಿನಿಂದ 10,000 ಟನ್ ಕಳಿಸಲು ವಿನಾಯಿತಿ ಸಿಕ್ಕಿತು. 2023ರ ಆಗಸ್ಟಿನಲ್ಲಿ ಈರುಳ್ಳಿಗೆ ಶೇ 40 ರಫ್ತು ಸುಂಕ ಬಿದ್ದಾಗ, ಮರುತಿಂಗಳ ಕೊನೆಗೆ ಇದಕ್ಕೆ ಮಾಫಿ ಸಿಕ್ಕಿತು. ಷರತ್ತು ಒಂದೇ: ‘ಇದು ರೋಸ್ ಈರುಳ್ಳಿಯೇ ಹೌದು, ಪ್ರಮಾಣ ಇಷ್ಟು’ ಎಂದು ರಾಜ್ಯದ ತೋಟಗಾರಿಕೆ ಆಯುಕ್ತರು ಬರೆದುಕೊಡಬೇಕು. ಜಿಐ ಟ್ಯಾಗ್ ಎಂದರೆ ಸನ್ಮಾನದ ಶಾಲು ಎಂದುಕೊಂಡವರು ಈ ಒಂದು ಉದಾಹರಣೆ ನೆನಪಿಟ್ಟರೆ ಸಾಕು.

● ಒಬ್ಬೊಬ್ಬ ಸಣ್ಣ ರೈತನೂ ಸಾವಯವ ಪ್ರಮಾಣಪತ್ರ ಮಾಡಿಸಲು ಹೋದರೆ ಖರ್ಚು ಕೈಗೆಟುಕದು. ಅದಕ್ಕೆ 25ರಿಂದ 500 ಮಂದಿಯವರೆಗೆ ಗುಂಪು ಕಟ್ಟಿ ಒಂದೇ ಪ್ರಮಾಣಪತ್ರ ಪಡೆಯಲು ಭಾರತದ ನಿಯಮ ದಾರಿ ಮಾಡಿದೆ. ಗುಂಪು ನೇಮಿಸಿದ ಒಳ ಪರಿಶೀಲಕರು ಎಲ್ಲರ ಹೊಲ ನೋಡಿ ದಾಖಲೆ ಇಡಬೇಕು. ಯೂರಿಯಾ ಹಾಕಿದವನು ಒಬ್ಬನಾದರೂ ತೊಂದರೆ ಇಡೀ ಗುಂಪಿಗೆ. ಒಳಗಿನ ಜಗಳಗಳೂ ಅಲ್ಲಿಂದಲೇ ಶುರು.

● ಯುರೋಪಿನ ಅರಣ್ಯನಾಶ ತಡೆ ನಿಯಮ ಜಾರಿಗೆ ಬಂದಾಗ, ನಿಮ್ಮ ಕಾಫಿ ಬೆಳೆದ ಜಾಗದ ಅಕ್ಷಾಂಶ–ರೇಖಾಂಶವನ್ನು ಬಿಂದುವಿನ ನಂತರ ಆರು ಅಂಕಿಯವರೆಗೆ ಕೊಡಬೇಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ ಕಾಫಿ ಅಲ್ಲಿಗೆ ಸಲ್ಲದು. ಜಾರಿಯ ದಿನಾಂಕ ಮುಂದಕ್ಕೆ ಹೋಗುತ್ತಲೇ ಇದೆ. ಆದರೆ ದಿನಾಂಕ ಮುಂದೆ ಹೋಯಿತೆಂದು ನಕ್ಷೆ ಮಾಡಿಸುವುದನ್ನೂ ಮುಂದೆ ಹಾಕಿದವರು ಕೊನೆಗೆ ಸಾಲಿನಲ್ಲಿ ನಿಲ್ಲಬೇಕಾದೀತು. ನಮ್ಮ ಕಾಫಿ ಮರಗಳ ನೆರಳಿನಲ್ಲೇ ಬೆಳೆಯುವುದು ಇಲ್ಲಿ ನಮಗೊಂದು ಅನುಕೂಲ.

● ‘ಎಲ್‌ಸಿ ಇದೆ, ದುಡ್ಡಿಗೆ ಭಯವಿಲ್ಲ’ ಎನ್ನುವ ರಫ್ತುದಾರರೇ, ಕೇಳಿ. ಲೆಟರ್ ಆಫ್ ಕ್ರೆಡಿಟ್‌ನಲ್ಲಿ ಬ್ಯಾಂಕು ನೋಡುವುದು ಕಾಗದ, ಸರಕಲ್ಲ. ಮೆಣಸು ಎಷ್ಟೇ ಚೆನ್ನಾಗಿರಲಿ, ಬಿಎಲ್‌ನಲ್ಲಿ (ಹಡಗಿನವರು ಕೊಡುವ ಸರಕು ರಸೀದಿ) ಹಡಗು ಹೊರಟ ದಿನಾಂಕ ಒಂದು ದಿನ ತಡವಾಗಿದ್ದರೆ, ಇನ್‌ವಾಯ್ಸಿನಲ್ಲಿ ಸರಕಿನ ವಿವರಣೆ ಎಲ್‌ಸಿಯಂತೆ ಇಲ್ಲದಿದ್ದರೆ ಬ್ಯಾಂಕು ಹಣ ತಡೆಹಿಡಿಯಬಹುದು. ಗಿರಾಕಿಗೆ ಪೇಟೆ ಇಳಿದಿದ್ದರಂತೂ ಇದೇ ನೆಪ, ಚೌಕಾಸಿ ಮತ್ತೆ ಮೊದಲಿನಿಂದ.

● ‘ಸಿಐಎಫ್’ ಬೆಲೆಗೆ ಮಾರಿದರೆ ಹಡಗು ಬಾಡಿಗೆ, ವಿಮೆ ಎರಡೂ ಮಾರುವವನದೇ. ಆದರೆ ಸರಕು ಹಡಗಿಗೇರಿದ ಕ್ಷಣದಿಂದ ನಷ್ಟದ ಹೊಣೆ ಕೊಳ್ಳುವವನದು! ಹಣ ಕಟ್ಟುವವನೊಬ್ಬ, ಹೊಣೆ ಹೊರುವವನೊಬ್ಬ. ಇಂಥ 11 ಷರತ್ತುಗಳ ಪಟ್ಟಿಗೆ ಇನ್‌ಕೋಟರ್ಮ್ಸ್ ಎಂದು ಹೆಸರು. ಮೊದಲು ಬಂದದ್ದು 1936ರಲ್ಲಿ, ಈಗಿನದು 2020ರ ಆವೃತ್ತಿ.

● ಗಿರಾಕಿ ದಿವಾಳಿಯಾದರೆ? ಅದಕ್ಕೂ ವಿಮೆ ಇದೆ. 1957ರಲ್ಲಿ ಹುಟ್ಟಿದ ಇಸಿಜಿಸಿ ಎಂಬ ಸರ್ಕಾರಿ ಸಂಸ್ಥೆ ಹಣ ಕೊಡದ ಗಿರಾಕಿಯ ನಷ್ಟಕ್ಕೆ ರಕ್ಷಣೆ ಕೊಡುತ್ತದೆ. ವಿಮೆಗಿಂತ ದೊಡ್ಡ ಉಪಕಾರ ಇನ್ನೊಂದು: ಪರದೇಶದ ಗಿರಾಕಿಯ ಸಾಲಶಕ್ತಿ ಹೇಗಿದೆ ಎಂದು ಅದು ವಿಚಾರಿಸಿ ತಿಳಿಸಬಲ್ಲದು. ಇಮೇಲಿನಲ್ಲಿ ಪರಿಚಯವಾದ ದೊಡ್ಡ ಗಿರಾಕಿಗೆ ಕಂಟೇನರ್ ಕಳಿಸುವ ಮೊದಲು ಆ ಶುಲ್ಕ ಕಟ್ಟುವುದು ಜಾಣತನ.

● ಅಮೆರಿಕಕ್ಕೆ ಹೋಗುವ ಜೇನಿಗೆ 2020ರ ಆಗಸ್ಟ್ 1ರಿಂದ ಎನ್‌ಎಂಆರ್ ಪರೀಕ್ಷೆ ಕಡ್ಡಾಯ. ಸಕ್ಕರೆ ಪಾಕ ಬೆರೆಸಿದ್ದರೆ ಹಿಡಿದುಕೊಡುವ ಯಂತ್ರ ಅದು. ದೇಶದೊಳಗೆ ಮಾರುವ ಜೇನಿಗೆ ಆಗ ಈ ಕಡ್ಡಾಯ ಇರಲಿಲ್ಲ ಎಂಬುದನ್ನು ಸುಮ್ಮನೆ ಹೇಳಿಬಿಡುತ್ತೇನೆ.

● ಕಂಟೇನರ್ ತುಂಬುವಷ್ಟು ಸರಕು ಇಲ್ಲದವರಿಗೆ ಅಂಚೆ ಕಚೇರಿ ಇದೆ. ಡಾಕ್ ಘರ್ ನಿರ್ಯಾತ್ ಕೇಂದ್ರಗಳು ದೇಶದಲ್ಲಿ ಸಾವಿರಕ್ಕೂ ಹೆಚ್ಚು. ಅಂಚೆಯ ಬಿಲ್ಲನ್ನು ಆನ್‌ಲೈನಿನಲ್ಲೇ ತುಂಬಿ, ಪಾರ್ಸೆಲ್ಲನ್ನು ಕೌಂಟರಿನಲ್ಲಿ ಕೊಟ್ಟು ಬರಬಹುದು. ಆದರೆ ಆ ದೇಶ ಯಾವ ತಿಂಡಿ ಒಳಗೆ ಬಿಡುತ್ತದೆ ಎಂದು ಮೊದಲೇ ನೋಡಿಕೊಳ್ಳಬೇಕು. ಹಾಲು, ತುಪ್ಪ ಸೇರಿದ ಸಿಹಿ ಎಷ್ಟೋ ಕಡೆ ಗಡಿಯಲ್ಲೇ ಉಳಿಯುತ್ತದೆ.

● ಕೊನೆಗೆ, ಕಾಸು ಖರ್ಚಿಲ್ಲದ ಒಂದು ಪಠ್ಯಪುಸ್ತಕ. ಅಮೆರಿಕದ ಎಫ್‌ಡಿಎ ತಾನು ಹಿಂದಕ್ಕೆ ಕಳಿಸಿದ ಆಹಾರದ ಪಟ್ಟಿಯನ್ನು ಯಾರು ಬೇಕಾದರೂ ನೋಡುವಂತೆ ಇಟ್ಟಿದೆ: ದೇಶ, ಕಂಪನಿ, ಪದಾರ್ಥ, ಕಾರಣ, ಎಲ್ಲ. ಯುರೋಪ್ ಒಕ್ಕೂಟದ ರಾಸ್ಫ್ ಎಂಬ ಎಚ್ಚರಿಕೆ ವ್ಯವಸ್ಥೆ 1979ರಿಂದ ಇದೆ, ಅದರ ಕಿಟಕಿಯೂ ತೆರೆದೇ ಇದೆ. ನೀವು ಕಳಿಸಬೇಕೆಂದಿರುವ ಪದಾರ್ಥದ ಹೆಸರು ಹಾಕಿ ಹುಡುಕಿ. ಸಾಲ್ಮೊನೆಲ್ಲಾ, ಹೇಳದೆ ಬಳಸಿದ ಬಣ್ಣ, ಕಸಕಡ್ಡಿ, ಲೇಬಲ್ಲಿನಲ್ಲಿ ಬಿಟ್ಟುಹೋದ ಅಲರ್ಜಿಕಾರಕ… ನಿಮಗಿಂತ ಮೊದಲು ಹೋದವರು ಎಲ್ಲಿ ಮುಗ್ಗರಿಸಿದರು ಎಂದು ಸಾಲುಸಾಲಾಗಿ ಸಿಗುತ್ತದೆ. ಹೀಗೆ ನಿರಾಕರಿಸಿದ ಸರಕಿಗೆ ಅಮೆರಿಕ ಕೊಡುವ ಗಡುವು 90 ದಿನ. ಅಷ್ಟರೊಳಗೆ ವಾಪಸು ಒಯ್ಯಬೇಕು, ಇಲ್ಲವೇ ಅಲ್ಲೇ ನಾಶಮಾಡಬೇಕು.